ತಂತ್ರಜ್ಞಾನದ ಮೌಖಿಕ ಮತ್ತು ಡಿಜಿಟಲ್ ಇತಿಹಾಸ: ಕೋಲಾರ ಜಿಲ್ಲೆಯ ನೆಲೆಯಲ್ಲಿ ವಿದ್ಯಾರ್ಥಿ ತಂಡಗಳ ಯೋಜನೆಗಳು

ಯಂತ್ರ, ಉಪಕರಣ, ಕಸುಬು ಹಾಗೂ ಕಾಮಗಾರಿಗಳೊಡನೆ ದುಡಿದು ಬದುಕಿದವರ ನೆನಪನ್ನು ಯೋಜಿತ ಸಂದರ್ಶನಗಳ ಮೂಲಕ ಧ್ವನಿಮುದ್ರಿಸಿ, ಲಿಖಿತ ದಾಖಲೆಗಳೊಡನೆ ತಾಳೆ ನೋಡಿ, ಮುಂದಿನವರ ಬಳಕೆಗೆ ದೊರೆಯುವಂತೆ ಕಾಪಿಡುವ ಅಧ್ಯಯನಕ್ಕೆ ತಂತ್ರಜ್ಞಾನದ ಮೌಖಿಕ ಇತಿಹಾಸವೆಂದು ಹೆಸರು. ಈ ಸಾಮಗ್ರಿಯನ್ನು ಧ್ವನಿ, ಚಿತ್ರ, ನಕ್ಷೆ ಮತ್ತು ಪಠ್ಯರೂಪದ ಕಡತಗಳಾಗಿ ಸಂಗ್ರಹಿಸಿ, ವಿವರಣೆಯೊಡನೆ ಜೋಡಿಸಿ, ಹುಡುಕಲು ಬರುವಂತೆ ಪ್ರಕಟಿಸುವ ಕೆಲಸ ಡಿಜಿಟಲ್ ಇತಿಹಾಸದ ವ್ಯಾಪ್ತಿಗೆ ಸೇರುತ್ತದೆ. ಎರಡನ್ನೂ ಕೂಡಿಸಿ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಂಡವಾಗಿ ಕೈಗೊಳ್ಳುವ ಅಧ್ಯಯನಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಚಿನ್ನದ ಗಣಿಯಂತಹ ಬೃಹತ್ ಉದ್ಯಮವೂ ಕೆರೆ, ಕೊಳವೆಬಾವಿ, ರೇಷ್ಮೆ ಮತ್ತು ಮಾವಿನಂತಹ ಚದುರಿದ ಗ್ರಾಮೀಣ ತಂತ್ರಗಳೂ ಅಕ್ಕಪಕ್ಕದಲ್ಲಿರುವ ಕೋಲಾರ ಜಿಲ್ಲೆಯನ್ನು, ಅದರಲ್ಲಿಯೂ ಶ್ರೀನಿವಾಸಪುರ, ಮುಳಬಾಗಿಲು ಮತ್ತು ಮಾಲೂರು ತಾಲ್ಲೂಕುಗಳನ್ನು, ಇಲ್ಲಿ ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

ಪರಿಕಲ್ಪನೆ ಮತ್ತು ಅಗತ್ಯ

ಲಿಖಿತ ದಾಖಲೆ ಎಲ್ಲ ತಂತ್ರಜ್ಞಾನಗಳಿಗೂ ಸಮನಾಗಿ ಒದಗುವುದಿಲ್ಲ. ಕಂಪನಿ ನಡೆಸಿದ, ಸರ್ಕಾರ ಕಟ್ಟಿದ ಅಥವಾ ಬ್ಯಾಂಕು ಸಾಲ ಕೊಟ್ಟ ತಂತ್ರಗಳು ಕಡತ, ನಕ್ಷೆ ಮತ್ತು ವಾರ್ಷಿಕ ವರದಿಗಳನ್ನು ಹಿಂದೆ ಬಿಟ್ಟುಹೋಗುತ್ತವೆ. ಅದೇ ತಂತ್ರಗಳನ್ನು ದಿನನಿತ್ಯ ನಡೆಸಿದ, ಕೆಟ್ಟಾಗ ರಿಪೇರಿ ಮಾಡಿದ, ತಮ್ಮ ಅನುಕೂಲಕ್ಕೆ ಬದಲಿಸಿಕೊಂಡ ಕೈಗಳ ತಿಳಿವಳಿಕೆ ಬಹುಮಟ್ಟಿಗೆ ನೆನಪಿನಲ್ಲಿಯೇ ಉಳಿದು, ಆ ತಲೆಮಾರಿನೊಡನೆ ಮರೆಯಾಗುತ್ತದೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಿಂದ ಹಿಡಿದು 1968ರ ಕೋಲಾರ ಜಿಲ್ಲಾ ಗೆಜೆಟಿಯರ್‌ವರೆಗಿನ ಗ್ರಂಥಗಳು ಕೆರೆ, ಬಾವಿ, ರಸ್ತೆ ಮತ್ತು ಕೈಗಾರಿಕೆಗಳ ವಿವರ ಕೊಡುತ್ತವೆಯಾದರೂ, ಬಾವಿಯ ನೀರು ಇಳಿದಾಗ ಒಂದು ಮನೆತನ ಯಾವ ಲೆಕ್ಕಾಚಾರದಿಂದ ಎತ್ತುಗಳಿಂದ ನೀರೆತ್ತುವ ಕಪಿಲೆಯನ್ನು ಬಿಟ್ಟು ಪಂಪ್‌ಸೆಟ್ಟಿಗೆ ಹೋಯಿತೆಂಬುದನ್ನು ಹೇಳುವುದು ಅವುಗಳ ಉದ್ದೇಶವಲ್ಲ. ಮೌಖಿಕ ಇತಿಹಾಸ ತುಂಬಿಕೊಡುವುದು ಈ ಅಂತರವನ್ನು.

ಈ ಕೆಲಸಕ್ಕೆ ಒಬ್ಬ ಸಂಶೋಧಕನಿಗಿಂತ ವಿದ್ಯಾರ್ಥಿ ತಂಡ ಹೆಚ್ಚು ಒಗ್ಗುವುದಕ್ಕೆ ಕಾರಣಗಳಿವೆ. ಸ್ಥಳೀಯ ಕಾಲೇಜಿನ ವಿದ್ಯಾರ್ಥಿಗಳು ಅದೇ ಹಳ್ಳಿಗಳಿಂದ ಬಂದವರಾದ್ದರಿಂದ ಮಾಹಿತಿದಾರರ ಪರಿಚಯ, ನುಡಿ ಮತ್ತು ಕಸುಬಿನ ಹಿನ್ನೆಲೆ ಅವರಿಗೆ ಮೊದಲೇ ಇರುತ್ತದೆ. ಒಂದೇ ಸಂಗತಿಯನ್ನು ಹಲವರು ಹಲವೆಡೆ ವಿಚಾರಿಸುವುದರಿಂದ ಹೇಳಿಕೆಗಳನ್ನು ಪರಸ್ಪರ ಒರೆಹಚ್ಚಲು ಸಾಧ್ಯವಾಗುತ್ತದೆ. ಸಂದರ್ಶನ, ಧ್ವನಿಮುದ್ರಣ, ಲಿಪ್ಯಂತರ ಮತ್ತು ದಾಖಲೆ ಶೋಧಗಳನ್ನು ಹಂಚಿಕೊಂಡು ಮಾಡಬಹುದು.

ಬೆಳವಣಿಗೆ

ಆಧುನಿಕ ಮೌಖಿಕ ಇತಿಹಾಸದ ಸಾಂಸ್ಥಿಕ ಆರಂಭವನ್ನು ಸಾಮಾನ್ಯವಾಗಿ 1948ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ಪ್ರಾರಂಭಿಸಿದ ಯೋಜನೆಯಿಂದ ಗುರುತಿಸಲಾಗುತ್ತದೆ. ವಿಜ್ಞಾನದ ಕ್ಷೇತ್ರದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಥಾಮಸ್ ಕೂನ್ ಮತ್ತು ಸಂಗಡಿಗರು ಕ್ವಾಂಟಂ ಭೌತವಿಜ್ಞಾನಿಗಳ ಸಂದರ್ಶನಗಳನ್ನು ಸಂಗ್ರಹಿಸಿದರೆ, ಕಂಪ್ಯೂಟರ್ ಕ್ಷೇತ್ರದವರ ನೆನಪುಗಳನ್ನು ಮಿನ್ನೆಸೋಟ ವಿಶ್ವವಿದ್ಯಾಲಯದ ಚಾರ್ಲ್ಸ್ ಬ್ಯಾಬೇಜ್ ಸಂಸ್ಥೆ ಕೂಡಿಹಾಕಿತು. ಇವು ಪರಿಣತರು ಪರಿಣತರನ್ನು ಕಂಡು ಮಾಡಿದ ಕೆಲಸಗಳು. ವಿದ್ಯಾರ್ಥಿಗಳ ಕೈಯಿಂದಲೇ ನಡೆದ ಯೋಜನೆಗಳಲ್ಲಿ ಹೆಸರಾದದ್ದು 1966ರಲ್ಲಿ ಜಾರ್ಜಿಯಾ ರಾಜ್ಯದ ಬೆಟ್ಟಪ್ರದೇಶದ ಶಾಲೆಯೊಂದರಲ್ಲಿ ಎಲಿಯಟ್ ವಿಗಿಂಟನ್ ಎಂಬ ಶಿಕ್ಷಕರ ಮಾರ್ಗದರ್ಶನದಲ್ಲಿ ಹುಟ್ಟಿದ ಫಾಕ್ಸ್‌ಫೈರ್ ಪತ್ರಿಕೆ. ಮರದ ದಿಮ್ಮಿಗಳಿಂದ ಮನೆ ಕಟ್ಟುವುದೇ ಮೊದಲಾದ ಕಸುಬುಗಳನ್ನು ಹಿರಿಯರಿಂದ ಕೇಳಿ ಬರೆದ ಈ ಲೇಖನಗಳು 1972ರಿಂದ ಪುಸ್ತಕರೂಪದಲ್ಲಿಯೂ ಬಂದವು. ಸ್ವೀಡನ್ನಿನ ಸ್ವೆನ್ ಲಿಂಡ್‌ಕ್ವಿಸ್ಟ್ 1978ರಲ್ಲಿ ಪ್ರಕಟಿಸಿದ ಕೈಪಿಡಿಯು ಕಾರ್ಮಿಕರು ತಾವು ದುಡಿಯುವ ಕಾರ್ಖಾನೆಯ ಇತಿಹಾಸವನ್ನು ತಾವೇ ಶೋಧಿಸಬೇಕೆಂಬ ವಾದವನ್ನು ಮುಂದಿಟ್ಟಿತು.

ಕರ್ನಾಟಕದಲ್ಲಿ ಬಾಯ್ಮಾತಿನ ಸಂಗ್ರಹದ ಅಭ್ಯಾಸ ಜಾನಪದ ಅಧ್ಯಯನದ ಮೂಲಕ ಗಟ್ಟಿಯಾಗಿ ಬೇರೂರಿತು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಕ್ಷೇತ್ರಕಾರ್ಯ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಹಾಗೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳು ಹಾಡು, ಕಥೆ ಮತ್ತು ಆಚರಣೆಗಳೊಡನೆ ಬೇಸಾಯದ ಸಲಕರಣೆಗಳನ್ನೂ ಗಮನಿಸಿದವು. ಆದರೆ ಅಲ್ಲಿ ನೇಗಿಲು, ರಾಟೆಗಳಿಗೆ ದೊರೆತ ಸ್ಥಾನ ಮೋಟಾರು ವೈಂಡಿಂಗ್ ಅಂಗಡಿಗೆ ಅಥವಾ ಬೋರ್‌ವೆಲ್ ರಿಗ್ಗಿಗೆ ದೊರೆಯಲಿಲ್ಲ. ಬೆಂಗಳೂರಿನಲ್ಲಿ ಇಂದಿರಾ ಚೌಧುರಿ ಅವರು ಸೃಷ್ಟಿ ಸಂಸ್ಥೆಯಲ್ಲಿ ಸ್ಥಾಪಿಸಿದ ಸಾರ್ವಜನಿಕ ಇತಿಹಾಸ ಕೇಂದ್ರ, 2013ರಲ್ಲಿ ರೂಪುಗೊಂಡ ಭಾರತೀಯ ಮೌಖಿಕ ಇತಿಹಾಸ ಸಂಘ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ದಾಖಲೆಸಂಗ್ರಹಾಲಯ ವಿಜ್ಞಾನ ಮತ್ತು ಸಂಸ್ಥೆಗಳ ಇತಿಹಾಸಕ್ಕೆ ಮೌಖಿಕ ಆಕರಗಳನ್ನು ಬಳಸುವ ಕ್ರಮವನ್ನು ನೆಲೆಗೊಳಿಸಿದವು. ಪಿ. ಸಾಯಿನಾಥ್ ಅವರು 2014ರಲ್ಲಿ ಆರಂಭಿಸಿದ ಗ್ರಾಮೀಣ ಭಾರತದ ಜನರ ಸಂಗ್ರಹಾಲಯವು ಹಳ್ಳಿಯ ದುಡಿಮೆ ಮತ್ತು ಕಸುಬುಗಳ ಕುರಿತು ವಿದ್ಯಾರ್ಥಿಗಳಿಂದಲೂ ಬರಹ ಮತ್ತು ಚಿತ್ರಗಳನ್ನು ಪಡೆದು ಪ್ರಕಟಿಸುತ್ತ ಬಂದಿದೆ.

ಪಠ್ಯಕ್ರಮದಲ್ಲಿ ಸ್ಥಾನ

ಈ ಬಗೆಯ ಅಧ್ಯಯನಕ್ಕೆ ಪ್ರತ್ಯೇಕ ಪದವಿ ಇಲ್ಲದಿದ್ದರೂ ಬೇರೆ ಬೇರೆ ಹೆಸರಿನಲ್ಲಿ ಅವಕಾಶ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2021ರ ಪಠ್ಯಕ್ರಮದಲ್ಲಿ ಸೇರಿಸಿದ ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆ ಎಂಬ ವಿಷಯದಲ್ಲಿ ಪಾರಂಪರಿಕ ನಡಿಗೆ, ಕುಶಲಕರ್ಮಿಗಳ ಪರಿಚಯ ಮತ್ತು ಸುತ್ತಲಿನ ಹಳ್ಳಿಗಳ ಜಲಸಂರಕ್ಷಣಾ ಪದ್ಧತಿಗಳ ದಾಖಲೀಕರಣ ಸೇರಿದ್ದು, ವಿದ್ಯಾರ್ಥಿಗಳು ಸಾಕ್ಷ್ಯಚಿತ್ರ ಅಥವಾ ಚಿತ್ರಬರಹದ ರೂಪದಲ್ಲಿ ವರದಿ ಕೊಡಬೇಕಾಗುತ್ತದೆ, ಕೋಲಾರದ ಸಿ. ಬೈರೇಗೌಡ ತಾಂತ್ರಿಕ ಸಂಸ್ಥೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆ.ಜಿ.ಎಫ್.) ಡಾ. ಟಿ. ತಿಮ್ಮಯ್ಯ ತಾಂತ್ರಿಕ ಸಂಸ್ಥೆಗಳು ಈ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಕೃಷಿ ಮತ್ತು ತೋಟಗಾರಿಕೆ ಪದವಿಯ ಅಂತಿಮ ವರ್ಷದಲ್ಲಿ ವಿದ್ಯಾರ್ಥಿಗಳು ತಂಡವಾಗಿ ಹಳ್ಳಿಗಳಲ್ಲಿ ತಂಗುವ ಗ್ರಾಮೀಣ ಕಾರ್ಯಾನುಭವ ಕಾರ್ಯಕ್ರಮ ಇನ್ನಷ್ಟು ಹತ್ತಿರದ ನಿದರ್ಶನ. ಅದರ ಭಾಗವಾದ ಸಹಭಾಗಿ ಗ್ರಾಮೀಣ ಅಧ್ಯಯನದಲ್ಲಿ ಕಾಲರೇಖೆ ಎಂಬ ವಿಧಾನವಿದ್ದು, ಊರಿನ ಹಿರಿಯರನ್ನು ಒಂದೆಡೆ ಕೂರಿಸಿ ಶಾಲೆ, ಬಸ್ಸು, ವಿದ್ಯುತ್ತು, ಮೊದಲ ಟ್ರ್ಯಾಕ್ಟರು ಮತ್ತು ಮೊದಲ ಕೊಳವೆಬಾವಿ ಬಂದ ವರ್ಷಗಳನ್ನು ಅವರ ಬಾಯಿಂದಲೇ ಕೇಳಿ ದೊಡ್ಡ ಹಾಳೆಯ ಮೇಲೆ ಬರೆಯಲಾಗುತ್ತದೆ. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೋಲಾರದ ಮಹಾವಿದ್ಯಾಲಯ ಟಮಕದಲ್ಲಿದ್ದು, ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಲಾ ಕಾಲೇಜುಗಳೂ ಸುತ್ತಲಿರುವುದರಿಂದ, ತಂತ್ರ ತಿಳಿದವರೂ ಇತಿಹಾಸದ ವಿಧಾನ ತಿಳಿದವರೂ ಕೂಡಿ ದುಡಿಯುವುದಕ್ಕೆ ಇಲ್ಲಿ ಅನುಕೂಲವಿದೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರವೂ ಇಂತಹ ಸಂಗ್ರಹಕ್ಕೆ ಬಳಸಿಕೊಳ್ಳಬಹುದಾದ ಅವಧಿ.

ಅಧ್ಯಯನ ವಸ್ತು: ದಾಖಲೆ ಹೆಚ್ಚಿರುವ ಕ್ಷೇತ್ರಗಳು

ಕೋಲಾರ ಚಿನ್ನದ ಗಣಿ ಜಿಲ್ಲೆಯ ತಂತ್ರಜ್ಞಾನದ ಇತಿಹಾಸದಲ್ಲಿ ಅತಿ ಹೆಚ್ಚು ದಾಖಲೆಯುಳ್ಳ ಅಧ್ಯಾಯ. ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಲಾವೆಲ್ 1870ರ ದಶಕದಲ್ಲಿ ಪಡೆದ ಪರವಾನಗಿಯಿಂದ ಶುರುವಾದ ಆಧುನಿಕ ಶೋಧ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಪ್ರವೇಶದಿಂದ ದೊಡ್ಡ ಉದ್ಯಮವಾಯಿತು. ಇಲ್ಲಿಗೆ ವಿದ್ಯುತ್ ಕೊಡುವುದಕ್ಕೆಂದೇ ಶಿವನಸಮುದ್ರದಲ್ಲಿ ಜಲವಿದ್ಯುದಾಗಾರವನ್ನು ಕಟ್ಟಿ, ಸುಮಾರು 147 ಕಿ.ಮೀ. ದೂರ ತಂತಿ ಎಳೆದು, 1902ರ ಜೂನ್ 30ರಂದು ಪೂರೈಕೆಯನ್ನು ಆರಂಭಿಸಲಾಯಿತು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದು ಜಗತ್ತಿನ ಅತ್ಯಾಳದ ಗಣಿಗಳಲ್ಲಿ ಒಂದೆನಿಸಿತು; ಆ ಗಣಿಯೊಳಗೆಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹನ್ನು ಪತ್ತೆಹಚ್ಚಿದರು. 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದ ಗಣಿ, ಮುಂದೆ ಕೇಂದ್ರ ಸರ್ಕಾರಕ್ಕೆ ಸೇರಿ, ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಗಿ ನಡೆದು 2001ರ ಫೆಬ್ರುವರಿ 28ರಂದು ಮುಚ್ಚಿತು. ಕಾರ್ಮಿಕರ ಬದುಕನ್ನು ಕುರಿತು ಜಾನಕಿ ನಾಯರ್ ಅವರಂತಹ ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ಇಷ್ಟಾದರೂ ಕೇಜಿನಲ್ಲಿ ಇಳಿದು ಪಾಳಿ ಮುಗಿಸಿ ಬರುತ್ತಿದ್ದವರು ಬಂಡೆ ಸಿಡಿಯುವ ಮುನ್ಸೂಚನೆಯನ್ನು ಯಾವ ಸದ್ದಿನಿಂದ ತಿಳಿಯುತ್ತಿದ್ದರು, ವಿಜ್ಞಾನಿಗಳ ಉಪಕರಣಗಳನ್ನು ಕೆಳಗೆ ಸಾಗಿಸಿದ ಕೈಗಳು ಆ ಪ್ರಯೋಗವನ್ನು ಹೇಗೆ ಅರ್ಥಮಾಡಿಕೊಂಡಿದ್ದವು ಎಂಬಂತಹ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ತಲೆಮಾರಿಗೆ ಈಗ ವಯಸ್ಸಾಗಿದೆ.

ರೈಲಿನ ಇತಿಹಾಸವೂ ಇದೇ ಗುಂಪಿನದು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರದ ಕಡೆಗೆ 1910ರ ದಶಕದಲ್ಲಿ ಹಾಸಿದ ಕಿರುಹಳಿ, ಅಂದರೆ 762 ಮಿ.ಮೀ. ಅಗಲದ ಹಳಿ, ಹಂತಹಂತವಾಗಿ ಅಗಲಹಳಿಯಾಗಿ ಮಾರ್ಪಟ್ಟು, ಕೋಲಾರ–ಚಿಕ್ಕಬಳ್ಳಾಪುರ ಭಾಗದ ಪರಿವರ್ತನೆ 2013ರಲ್ಲಿ ಮುಗಿಯಿತು. ಹಳಿಯ ದಾಖಲೆ ಇಲಾಖೆಯಲ್ಲಿ ಸಿಗುತ್ತದೆ. ಆ ನಿಧಾನಗತಿಯ ಗಾಡಿಯಲ್ಲಿ ಯಾವ ಸಂತೆಗೆ ಏನು ಹೋಗುತ್ತಿತ್ತು, ಗಾಡಿ ನಿಂತ ವರ್ಷಗಳಲ್ಲಿ ಆ ಸಾಗಣೆ ಯಾವ ಲಾರಿ, ಬಸ್ಸುಗಳಿಗೆ ತಿರುಗಿತು ಎಂಬುದು ಸಿಗುವುದು ಪ್ರಯಾಣಿಕರ ಮತ್ತು ವ್ಯಾಪಾರಿಗಳ ಬಳಿ.

ಅಧ್ಯಯನ ವಸ್ತು: ನೆನಪಿನಲ್ಲಿರುವ ಕ್ಷೇತ್ರಗಳು

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ನೀರೆತ್ತುವ ಮತ್ತು ನೀರು ಹಂಚುವ ತಂತ್ರಗಳ ಬದಲಾವಣೆ ಅತ್ಯಂತ ಸಮೃದ್ಧವಾದ ಅಧ್ಯಯನ ವಸ್ತು. ಏರಿ, ತೂಬು, ಕೋಡಿ ಮತ್ತು ಅಚ್ಚುಕಟ್ಟುಗಳಿಂದ ಕೂಡಿದ ಕೆರೆಯ ವ್ಯವಸ್ಥೆಯನ್ನು ನಡೆಸುತ್ತಿದ್ದ ನೀರಗಂಟಿಯು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಮಳೆ ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಯಾವ ಭಾಗವನ್ನು ಬಿತ್ತದೆ ಬಿಡಬೇಕು ಎಂಬುದನ್ನು ಬರೆಹವಿಲ್ಲದೆ ನಿರ್ವಹಿಸುತ್ತಿದ್ದನು. ತೆರೆದ ಬಾವಿಗಳಲ್ಲಿ ಏತ ಮತ್ತು ಕಪಿಲೆಗಳಿದ್ದವು. ಎತ್ತುಗಳು ಇಳಿಜಾರಿನಲ್ಲಿ ನಡೆದು ಚರ್ಮದ ಅಥವಾ ತಗಡಿನ ದೊಡ್ಡ ಪಾತ್ರೆಯನ್ನು ಹಗ್ಗ ಮತ್ತು ರಾಟೆಯ ಮೂಲಕ ಮೇಲಕ್ಕೆಳೆಯುವ ಸಾಧನಕ್ಕೆ ಕಪಿಲೆಯೆಂದು ಹೆಸರು. ಅದರ ಜಾಗಕ್ಕೆ ಡೀಸೆಲ್ ಎಂಜಿನ್, ನಂತರ ವಿದ್ಯುತ್ ಪಂಪ್‌ಸೆಟ್, ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿ ಮತ್ತು ನೀರಿನಲ್ಲಿ ಮುಳುಗಿಯೇ ಓಡುವ ಸಬ್‌ಮರ್ಸಿಬಲ್ ಮೋಟಾರು ಬಂದವು. ಈ ಸರಣಿಯ ಹಿಂದೆ ತಮಿಳುನಾಡಿನ ತಿರುಚೆಂಗೋಡಿನ ರಿಗ್ಗು ಲಾರಿಗಳು, ಕೊಯಮತ್ತೂರಿನ ಪಂಪು ಕಾರ್ಖಾನೆಗಳು, ತೆಂಗಿನಕಾಯಿ ಅಥವಾ ಕವಲುಕಡ್ಡಿ ಹಿಡಿದು ಬೋರ್ ಕೊರೆಯುವ ಪಾಯಿಂಟ್ ತೋರಿಸುವವರು, ಸುಟ್ಟ ಮೋಟಾರಿಗೆ ತಂತಿ ಸುತ್ತುವ ತಾಲ್ಲೂಕು ಕೇಂದ್ರದ ಅಂಗಡಿಗಳು ಹಾಗೂ ಬೋರ್ ಫೇಲಾದ ಕುಟುಂಬಗಳ ಸಾಲ ಒಂದಕ್ಕೊಂದು ಹೆಣೆದುಕೊಂಡಿವೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ತಲುಪಿದ್ದರಿಂದ, ಅಂತರ್ಜಲ ಏರಿತೆಂಬ ಸಮಾಧಾನವೂ ಶುದ್ಧೀಕರಣದ ಮಟ್ಟ ಸಾಲದೆಂಬ ಆತಂಕವೂ ಸೇರಿ ಈ ಇತಿಹಾಸಕ್ಕೆ ಹೊಸ ಅಧ್ಯಾಯ ಕೂಡಿಕೊಂಡಿದೆ. ವಿವಾದ ನ್ಯಾಯಾಲಯಕ್ಕೂ ಹೋದುದರಿಂದ ಇಲ್ಲಿ ಬಾಯ್ಮಾತು, ಪ್ರಯೋಗಾಲಯದ ಅಂಕಿ ಮತ್ತು ಕಾನೂನಿನ ಕಾಗದ ಮೂರನ್ನೂ ಒಟ್ಟಿಗೆ ಓದಬೇಕಾಗುತ್ತದೆ.

ರೇಷ್ಮೆಯಲ್ಲಿ ಬದಲಾವಣೆ ಮನೆಯೊಳಗೇ ನಡೆದುದರಿಂದ ಹೆಂಗಸರ ಸಾಕ್ಷ್ಯ ಇಲ್ಲಿ ಮುಖ್ಯವಾಗುತ್ತದೆ. ಬಿದಿರಿನ ತಟ್ಟೆಗಳಲ್ಲಿ ಕತ್ತರಿಸಿದ ಸೊಪ್ಪು ಹಾಕಿ ಹುಳು ಮೇಯಿಸುತ್ತಿದ್ದ ಪದ್ಧತಿಯಿಂದ ಅಟ್ಟಣಿಗೆಯ ಮೇಲೆ ರೆಂಬೆಸಮೇತ ಸೊಪ್ಪು ಹರಡುವ ಪದ್ಧತಿಗೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಮಡಚಿಡಬಹುದಾದ ಪ್ಲಾಸ್ಟಿಕ್ ನೇತ್ರಿಕೆಗೆ, ನೂಲು ಬಿಚ್ಚುವ ಚರಕದಿಂದ ಕಾಟೇಜ್ ಬೇಸಿನ್ ಮತ್ತು ಸ್ವಯಂಚಾಲಿತ ಯಂತ್ರಗಳಿಗೆ, ಕೂಗಿ ಹೇಳುವ ಹರಾಜಿನಿಂದ ಇ-ಹರಾಜಿಗೆ ಆದ ಪಲ್ಲಟಗಳಲ್ಲಿ ಯಾರ ಕೆಲಸ ಹಗುರವಾಯಿತು, ಯಾರ ಕೆಲಸ ಕೈಬಿಟ್ಟುಹೋಯಿತು ಎಂಬುದು ಇಲಾಖೆಯ ಅಂಕಿಅಂಶಗಳಿಂದ ಕಾಣುವುದಿಲ್ಲ. ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ, ಎದ್ದ ಮೇಲಿನ ದಿನಗಳಲ್ಲಿ ರಾತ್ರಿ ಸೊಪ್ಪು ಹಾಕಲು ಏಳುತ್ತಿದ್ದವರು ಯಾರು ಎಂಬ ಸಣ್ಣ ಪ್ರಶ್ನೆಯೊಂದು ಮನೆಯ ಇಡೀ ಶ್ರಮವಿಭಜನೆಯನ್ನು ತೆರೆದಿಡಬಲ್ಲದು.

ಶ್ರೀನಿವಾಸಪುರ ತಾಲ್ಲೂಕಿನ ಹೆಸರು ಮಾವಿನೊಡನೆ ಕೂಡಿಕೊಂಡಿದೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ ಮತ್ತು ತೋತಾಪುರಿ ತಳಿಗಳು ಇಲ್ಲಿನ ಮಂಡಿಗಳಿಂದ ಹೊರರಾಜ್ಯಗಳಿಗೆ ಹೋಗುತ್ತವೆ. ಕಸಿ ಕಟ್ಟುವುದು, ಕಾಯಿ ಕೀಳುವ ಬಲೆಗೋಲು, ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡುವುದು, ಬಿದಿರು ಬುಟ್ಟಿಯ ಬದಲು ಪ್ಲಾಸ್ಟಿಕ್ ಕ್ರೇಟು, ನಿಷಿದ್ಧವಾದ ಕಾರ್ಬೈಡ್ ಮತ್ತು ಅದರ ಬದಲಿಗೆ ಬಂದ ಎಥಿಲೀನ್ ಕೋಣೆ, ಇವೆಲ್ಲವೂ ಕೊಯ್ಲಿನ ನಂತರದ ತಂತ್ರಜ್ಞಾನದ ಮೆಟ್ಟಿಲುಗಳು. ತೋತಾಪುರಿಯ ತಿರುಳು ತೆಗೆಯುವ ಕಾರ್ಖಾನೆಗಳು ಬಹುಪಾಲು ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿರುವುದರಿಂದ ಬೆಳೆ ಒಂದು ರಾಜ್ಯದ್ದು, ಯಂತ್ರ ಇನ್ನೊಂದು ರಾಜ್ಯದ್ದು ಎಂಬ ಸ್ಥಿತಿಯಿದ್ದು, 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯ ಪ್ರವೇಶವನ್ನು ತಡೆದಾಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದದ್ದು ಈ ಅವಲಂಬನೆಯನ್ನು ಎತ್ತಿತೋರಿಸಿತು. ಮಾಲೂರಿನ ಹೆಂಚು ಮತ್ತು ಇಟ್ಟಿಗೆ ತಯಾರಿಕೆ ಹಾಗೂ ಹಳ್ಳಿಹಳ್ಳಿಯ ಹಾಲಿನ ಡೈರಿಗಳಲ್ಲಿ ಅಳತೆಯ ಸಾಧನಗಳು ಬದಲಾದ ಬಗೆಯೂ ಇದೇ ರೀತಿ ಅಧ್ಯಯನಕ್ಕೆ ಅರ್ಹವಾಗಿವೆ.

ತಂಡದ ರಚನೆ ಮತ್ತು ವಿಧಾನ

ನಾಲ್ಕರಿಂದ ಆರು ಮಂದಿಯ ತಂಡ ಸಾಮಾನ್ಯವಾಗಿ ಅನುಕೂಲಕರ. ಒಬ್ಬರು ಪ್ರಶ್ನೆ ಕೇಳಿದರೆ ಇನ್ನೊಬ್ಬರು ಧ್ವನಿಮುದ್ರಣವನ್ನು ನೋಡಿಕೊಳ್ಳುತ್ತಾರೆ. ಉಳಿದವರು ಸಲಕರಣೆಯ ಚಿತ್ರ ಮತ್ತು ಅಳತೆ, ಲಿಪ್ಯಂತರ, ದಾಖಲೆ ಶೋಧ ಮತ್ತು ಕಡತಗಳ ಜೋಡಣೆಯನ್ನು ಹಂಚಿಕೊಂಡು, ಮುಂದಿನ ಸಂದರ್ಶನದಲ್ಲಿ ಪಾತ್ರಗಳನ್ನು ಬದಲಿಸಿಕೊಳ್ಳುತ್ತಾರೆ. ಪ್ರಶ್ನೆಗಳು ಅಭಿಪ್ರಾಯವನ್ನಲ್ಲದೆ ಕೆಲಸವನ್ನು ಹಿಡಿಯಬೇಕು. ಯಂತ್ರ ಬಂದದ್ದರಿಂದ ಅನುಕೂಲವಾಯಿತೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬುದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ, “ತಾತ, ಮೋಟಾರು ಸುಟ್ಟೋದ್ರೆ ಯಾರನ್ನ ಕರೀತಿದ್ರಿ, ಬಾವಿಯಿಂದ ಹೆಂಗೆ ಮೇಲಕ್ಕೆತ್ತುತಿದ್ರಿ?” ಎಂದು ಕೇಳಿದರೆ ಮೆಕ್ಯಾನಿಕ್ಕು, ಸರಪಳಿ, ಕೂಲಿ, ಕಾಯುವ ದಿನಗಳು ಮತ್ತು ಒಣಗಿದ ಬೆಳೆ ಒಂದೊಂದಾಗಿ ಹೊರಬರುತ್ತವೆ. ಸಲಕರಣೆಯನ್ನು ಎದುರಿಗಿಟ್ಟುಕೊಂಡು ಅಥವಾ ಕೈಯಿಂದ ಮಾಡಿ ತೋರಿಸುವಂತೆ ಕೋರಿ ನಡೆಸುವ ಸಂದರ್ಶನ ಮಾತಿಗೆ ಸಿಗದ ಕುಶಲತೆಯನ್ನೂ ದಾಖಲಿಸುತ್ತದೆ.

ವರ್ಷಗಳ ವಿಷಯದಲ್ಲಿ ನೆನಪು ಸಡಿಲವಾದದ್ದು. ಆದ್ದರಿಂದ ತುರ್ತು ಪರಿಸ್ಥಿತಿ, 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆ, ಮನೆಯ ಮದುವೆ ಅಥವಾ ದೊಡ್ಡ ಬರಗಾಲದಂತಹ ಗೊತ್ತಾದ ಘಟನೆಗಳಿಗೆ ಹಿಂದೆಯೋ ಮುಂದೆಯೋ ಎಂದು ಕೇಳಿ ಕಾಲವನ್ನು ನಿರ್ಧರಿಸುವುದು ರೂಢಿ. ಅನಂತರ ವಿದ್ಯುತ್ ಸಂಪರ್ಕದ ರಸೀದಿ, ಸಹಕಾರ ಸಂಘದ ಸಾಲಪುಸ್ತಕ, ಪಂಪಿನ ಮೇಲಿನ ಲೋಹದ ಪಟ್ಟಿ, ಪಹಣಿ ಮತ್ತು ಗೆಜೆಟಿಯರ್‌ಗಳೊಡನೆ ಅದನ್ನು ಹೋಲಿಸಬೇಕು. ಹೇಳಿಕೆ ಮತ್ತು ದಾಖಲೆ ಹೊಂದದಿದ್ದಾಗ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸದೆ ಎರಡನ್ನೂ ಕೊಟ್ಟು ವ್ಯತ್ಯಾಸವನ್ನು ವಿವರಿಸುವುದು ಮೌಖಿಕ ಇತಿಹಾಸದ ಶಿಸ್ತು; ಕಾಗದದಲ್ಲಿ ಊರು ವಿದ್ಯುದೀಕರಣಗೊಂಡ ವರ್ಷಕ್ಕೂ ಊರಿನ ಎಲ್ಲ ಕೇರಿಗಳಿಗೂ ದೀಪ ಬಂದ ವರ್ಷಕ್ಕೂ ಇರುವ ಅಂತರ ತಪ್ಪಲ್ಲ, ಅದೇ ಒಂದು ಶೋಧ.

ಭಾಷೆ ಮತ್ತು ಲಿಪ್ಯಂತರ

ಜಿಲ್ಲೆಯ ಬಹುಭಾಷಿಕತೆ ಯೋಜನೆಗಳಿಗೆ ಸವಾಲೂ ಹೌದು, ಬಲವೂ ಹೌದು. ಆಂಧ್ರದ ಗಡಿಗೆ ಹೊಂದಿದ ಶ್ರೀನಿವಾಸಪುರ ಮತ್ತು ಮುಳಬಾಗಿಲು ತಾಲ್ಲೂಕುಗಳಲ್ಲಿ ಮನೆಮಾತಾಗಿ ತೆಲುಗು ವ್ಯಾಪಕವಾಗಿದೆ, ಕೆ.ಜಿ.ಎಫ್.ನ ಗಣಿ ಕಾರ್ಮಿಕರ ಕುಟುಂಬಗಳಲ್ಲಿ ತಮಿಳು, ರೇಷ್ಮೆ ನೂಲು ಬಿಚ್ಚುವ ಅನೇಕ ಮನೆಗಳಲ್ಲಿ ದಖನಿ ಉರ್ದು ನಡೆಯುತ್ತದೆ. ಮಾಹಿತಿದಾರರು ತಮ್ಮ ನುಡಿಯಲ್ಲಿಯೇ ಮಾತನಾಡಲು ಬಿಟ್ಟು, ಮೂಲವನ್ನು ಅದೇ ಭಾಷೆಯಲ್ಲಿ ಕನ್ನಡ ಲಿಪಿಯಲ್ಲಾದರೂ ಬರೆದಿಟ್ಟು, ಕನ್ನಡ ಅನುವಾದವನ್ನು ಪ್ರತ್ಯೇಕವಾಗಿ ಕೊಡುವುದು ಸರಿಯಾದ ಕ್ರಮ. ಶಿಷ್ಟ ಕನ್ನಡಕ್ಕೆ ತಿದ್ದಿ ಬರೆದ ಲಿಪ್ಯಂತರದಲ್ಲಿ ಕಸುಬಿನ ಪದಗಳು ಮೊದಲು ಕಳೆದುಹೋಗುತ್ತವೆ. ಮಾತನ್ನು ಪಠ್ಯಕ್ಕಿಳಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಲಭ್ಯವಿದ್ದು ಮೊದಲ ಕರಡಿಗೆ ನೆರವಾಗುತ್ತವೆ. ಆದರೆ ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆತಾಗ ಅವು ಎಡವುವುದರಿಂದ, ಧ್ವನಿಯನ್ನು ಕೇಳುತ್ತ ಸಾಲುಸಾಲಾಗಿ ತಿದ್ದುವ ಕೆಲಸ ತಂಡಕ್ಕೆ ತಪ್ಪಿದ್ದಲ್ಲ.

ಡಿಜಿಟಲ್ ಸಂರಕ್ಷಣೆ

ಧ್ವನಿಯ ಮೂಲಪ್ರತಿಯನ್ನು ಗುಣಮಟ್ಟ ಕುಗ್ಗಿಸದ ವೇವ್ ರೂಪದಲ್ಲಿಯೂ ಹಂಚಿಕೆಯ ಪ್ರತಿಯನ್ನು ಎಂಪಿ3 ರೂಪದಲ್ಲಿಯೂ ಇಡುವುದು ವಾಡಿಕೆ. ಯಾರು, ಎಲ್ಲಿ, ಎಂದು, ಯಾವ ಭಾಷೆಯಲ್ಲಿ, ಯಾವ ಷರತ್ತಿನೊಡನೆ ಎಂಬ ವಿವರಗಳ ಪಟ್ಟಿಗೆ ಮೇಲ್ದತ್ತಾಂಶವೆಂದು ಹೆಸರು. 1995ರಲ್ಲಿ ರೂಪುಗೊಳ್ಳತೊಡಗಿ ಮುಂದೆ 15 ಅಂಶಗಳಾಗಿ ನೆಲೆಗೊಂಡ ಡಬ್ಲಿನ್ ಕೋರ್ ಮಾದರಿ ವಿದ್ಯಾರ್ಥಿಗಳಿಗೂ ಸುಲಭವಾಗಿ ಒಗ್ಗುತ್ತದೆ. ಪಠ್ಯವೆಲ್ಲ ಯೂನಿಕೋಡ್‌ನಲ್ಲಿರಬೇಕು, ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಉಳಿದ ವರದಿಗಳು ಪರಿವರ್ತಿಸದ ಹೊರತು ಹುಡುಕಾಟಕ್ಕೆ ಸಿಗುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಎಂಬುದು ಸಂರಕ್ಷಣೆಯ ಸಾಮಾನ್ಯ ನಿಯಮ. ಪ್ರದರ್ಶನಕ್ಕೆ ಒಮೆಕಾದಂತಹ ಮುಕ್ತ ತಂತ್ರಾಂಶ, ಕೆರೆ, ಬಾವಿ ಮತ್ತು ಗಿರಣಿಗಳನ್ನು ಗುರುತಿಸಲು ಓಪನ್‌ಸ್ಟ್ರೀಟ್‌ಮ್ಯಾಪ್, ಸಲಕರಣೆಗಳ ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್ ಬಳಕೆಯಲ್ಲಿವೆ. ಕನ್ನಡ ವಿಕಿಪೀಡಿಯದಲ್ಲಿ ಬೆಂಗಳೂರಿನ ಕ್ರೈಸ್ಟ್ ಮತ್ತು ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಗಳ ವಿದ್ಯಾರ್ಥಿಗಳು ತಂಡವಾಗಿ ಲೇಖನಗಳನ್ನು ಸೇರಿಸಿದ ಅನುಭವ ಇದಕ್ಕೆ ಸಮೀಪದ ಮಾದರಿ. ಆದರೆ ವಿಕಿಪೀಡಿಯ ಪ್ರಕಟಿತ ಆಕರವನ್ನು ಬೇಡುವುದರಿಂದ ಸಂದರ್ಶನವನ್ನು ನೇರವಾಗಿ ಅಲ್ಲಿ ಆಧಾರವಾಗಿಸಲು ಬರುವುದಿಲ್ಲ.

ಸಮ್ಮತಿ, ಕಾನೂನು ಮತ್ತು ನೈತಿಕತೆ

ಧ್ವನಿಮುದ್ರಣಕ್ಕೆ ಮೊದಲು ಅದರ ಉದ್ದೇಶ, ಎಲ್ಲಿ ಪ್ರಕಟವಾಗುತ್ತದೆ, ಹೆಸರು ಬೇಡವೆನ್ನುವ ಮತ್ತು ಮಾತನ್ನು ಹಿಂತೆಗೆದುಕೊಳ್ಳುವ ಹಕ್ಕು ಇವುಗಳನ್ನು ಮಾಹಿತಿದಾರರ ನುಡಿಯಲ್ಲಿಯೇ ತಿಳಿಸಿ ಸಮ್ಮತಿ ಪಡೆಯಬೇಕು. ಓದುಬರಹ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಸಮ್ಮತಿಯ ಮಾತನ್ನೇ ಧ್ವನಿಮುದ್ರಿಸಿಕೊಳ್ಳುವುದು ಗೌರವಯುತ. 1957ರ ಕೃತಿಸ್ವಾಮ್ಯ ಕಾಯಿದೆ ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗಳ ಅರಿವು ಮಾರ್ಗದರ್ಶಕರಿಗಿರಬೇಕು. ಸಾಲ, ಕಾಯಿಲೆ, ಜಾತಿಯ ಕಾರಣಕ್ಕೆ ಹೊರೆಯಾದ ಕೆಲಸ ಮತ್ತು ನೀರಿನ ಜಗಳಗಳು ತಂತ್ರಜ್ಞಾನದ ಮಾತಿನ ನಡುವೆಯೇ ಬರುವುದರಿಂದ, ಸಣ್ಣ ಊರಿನಲ್ಲಿ ಹೆಸರು ಮರೆಸಿದರೂ ಗುರುತು ಸಿಕ್ಕಿಬಿಡುವ ಅಪಾಯವನ್ನು ಗಮನಿಸಿ ಕೆಲವು ಭಾಗಗಳನ್ನು ಮುಚ್ಚಿಡಬೇಕಾಗುತ್ತದೆ. ಸಂಗ್ರಹಿಸಿದ ಧ್ವನಿಯ ಒಂದು ಪ್ರತಿ ಮಾಹಿತಿದಾರರ ಮನೆಗೂ ತಲುಪಬೇಕು.

ಮಿತಿಗಳು ಮತ್ತು ಮೌಲ್ಯಮಾಪನ

ಇಂತಹ ಯೋಜನೆಗಳ ಮುಖ್ಯ ದೌರ್ಬಲ್ಯ ಸೆಮಿಸ್ಟರಿನ ಅವಧಿ. ಅಂಕ ಬಂದ ಮೇಲೆ ವರದಿ ವಿಭಾಗದ ಬೀರುವಿಗೆ ಸೇರಿ, ಧ್ವನಿ ವಿದ್ಯಾರ್ಥಿಯ ಮೊಬೈಲಿನಲ್ಲಿಯೇ ಉಳಿದು ಅಳಿಸಿಹೋಗುವುದು ಸಾಮಾನ್ಯವಾದ್ದರಿಂದ, ಮುಂದಿನ ತಂಡ ಹಿಂದಿನ ತಂಡದ ಪ್ರಶ್ನೆಗಳಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ. ಒಬ್ಬಿಬ್ಬರು ದುಡಿದು ಎಲ್ಲರಿಗೂ ಸಮನಾದ ಅಂಕ ಬರುವ ತೊಡಕನ್ನು ತಪ್ಪಿಸಲು ಪ್ರತಿಯೊಬ್ಬರ ದಿನಚರಿ ಮತ್ತು ಕೆಲಸದ ವಿವರವನ್ನು ಪ್ರತ್ಯೇಕವಾಗಿ ಪಡೆಯಬೇಕು. ಪರಿಚಿತರನ್ನೇ ಕೇಳುವ ಅನುಕೂಲದಿಂದ ಮಾಹಿತಿದಾರರು ಒಂದೇ ಜಾತಿ, ಒಂದೇ ಕೇರಿ ಅಥವಾ ಗಂಡಸರಿಗೆ ಸೀಮಿತವಾಗುವ ಅಪಾಯವೂ ಇದೆ. ಪಂಪ್‌ಸೆಟ್ಟಿನ ಮಾಲೀಕನ ಮಾತು ಸಿಕ್ಕಷ್ಟು ಸುಲಭವಾಗಿ ನೀರು ಹಾಯಿಸಿದ ಕೂಲಿಯಾಳಿನ ಮಾತು ಸಿಗುವುದಿಲ್ಲ.

ಇಷ್ಟರ ನಡುವೆಯೂ ಗಣಿ ಮತ್ತು ರೈಲುಗಳ ಇತಿಹಾಸದ ಜೊತೆಗೆ ಬಾವಿ, ಹುಳುಮನೆ ಮತ್ತು ಮಾವಿನ ಮಂಡಿಗಳ ಇತಿಹಾಸವನ್ನು ಬರೆಯುವುದಕ್ಕೆ ಬೇಕಾದ ಆಕರವನ್ನು ಕಡಿಮೆ ಖರ್ಚಿನಲ್ಲಿ, ಆಯಾ ನುಡಿಯಲ್ಲಿ ಒದಗಿಸಬಲ್ಲವರು ಸ್ಥಳೀಯ ವಿದ್ಯಾರ್ಥಿಗಳೇ. ಕಾಲೇಜು ಗ್ರಂಥಾಲಯವು ಯೋಜನೆಗಳ ಧ್ವನಿ ಮತ್ತು ಲಿಪ್ಯಂತರಗಳನ್ನು ವರದಿಯೊಡನೆ ಕಡ್ಡಾಯವಾಗಿ ಸ್ವೀಕರಿಸಿ, ಒಂದೇ ಪದ್ಧತಿಯಲ್ಲಿ ಪಟ್ಟಿಮಾಡಿ, ಪ್ರತಿ ವರ್ಷದ ತಂಡಕ್ಕೆ ಹಿಂದಿನ ಸಂಗ್ರಹವನ್ನು ಓದಿ ಮುಂದುವರಿಯುವ ಹೊಣೆ ವಹಿಸಿದಲ್ಲಿ, ಬಿಡಿ ವರದಿಗಳು ಜಿಲ್ಲೆಯ ತಂತ್ರಜ್ಞಾನದ ಸಂಗ್ರಹವಾಗಿ ಬೆಳೆಯುವುದಕ್ಕೆ ಹೊಸ ಸಂಸ್ಥೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಾಗುವುದಿಲ್ಲ.